ಹನ್ನೊಂದು ಗೂಡುಗಳ ಮೇಷ್ಟ್ರು

ಜೀನ್ಸ್ ಪ್ಯಾಂಟಿಗೆ ಎಷ್ಟು ಜೇಬು ಎಂದು ಯಾರಾದರೂ ಕೇಳಿದರೆ ನಮ್ಮ ಮೇಷ್ಟ್ರು ತಾವು ಉಟ್ಟ ಪಂಚೆಯನ್ನೇ ಒಮ್ಮೆ ಸವರಿ ನೋಡಿಕೊಳ್ಳುತ್ತಿದ್ದರು. ಅಂಥವರು ರಾಯದುರ್ಗದ ಒಂದು ಹೊಲಿಗೆ ಯೂನಿಟ್ಟಿನಲ್ಲಿ ಆರು ವರ್ಷ ಸ್ಟೋರ್ ನೋಡಿಕೊಂಡರು. ಹನ್ನೆರಡು ಜನ ಟೇಲರುಗಳ ನಡುವಿನ ಜಗಳ ನಿಲ್ಲಿಸಿದರು. ಇವತ್ತು ನಾನು ಯಾವ ವಿದ್ಯೆಯಿಂದ ಅನ್ನ ತಿನ್ನುತ್ತಿದ್ದೇನೋ ಅದರಲ್ಲಿ ಅರ್ಧವನ್ನು, ಅದಕ್ಕೊಂದು ಹೆಸರಿದೆ ಎಂದು ತಮಗೇ ಗೊತ್ತಿಲ್ಲದೆ, ನನಗೆ ಕಲಿಸಿದರು. ಹೋದ ತಿಂಗಳು ಮಡಕಶಿರದಿಂದ ಫೋನು ಬಂತು, ಮೇಷ್ಟ್ರು ಹೋದರು ಅಂತ.

ಅವರ ಹೆಸರು ಬರೆಯುವುದಿಲ್ಲ. ಯೂನಿಟ್ಟಿನಲ್ಲೂ ಯಾರೂ ಹೆಸರು ಹಿಡಿದು ಕರೆದವರಲ್ಲ. ಕನ್ನಡದವರಿಗೆ ಮೇಷ್ಟ್ರು, ತೆಲುಗಿನವರಿಗೆ ಲೆಕ್ಕಲ ಸಾರು, ಅಂದರೆ ಲೆಕ್ಕದ ಸರ್. ಮಡಕಶಿರದ ಹತ್ತಿರದ ಹಳ್ಳಿಯ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದರಂತೆ. ಸಂಸಾರಗಳು ಒಂದೊಂದಾಗಿ ಹಿಂದೂಪುರ, ದೊಡ್ಡಬಳ್ಳಾಪುರ ಎಂದು ಗಾರ್ಮೆಂಟ್ಸಿಗೆ ಹೊರಟವು, ಜೊತೆಗೆ ಮಕ್ಕಳೂ ಹೊರಟವು, ಕೊನೆಗೆ ಬೆಂಚುಗಳಿಗೆ ಪಾಠ ಹೇಳುವ ಸ್ಥಿತಿ ಬಂದು ಶಾಲೆ ಮುಚ್ಚಿತು. ಜನರನ್ನು ಕರೆದುಕೊಂಡು ಹೋದ ಬಟ್ಟೆಯೇ ಮೇಷ್ಟ್ರನ್ನೂ ಎಳೆದು ತಂದಿತು, ಆದರೆ ಉತ್ತರ ದಿಕ್ಕಿಗೆ, ನಮ್ಮ ಊರಿಗೆ. ಹೆಂಡತಿ ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ನೋಡಿಕೊಂಡು ಅಲ್ಲೇ ಉಳಿದರು. ತಿಂಗಳಿಗೊಮ್ಮೆ ಇವರು ಎರಡು ಬಸ್ಸು ಬದಲಾಯಿಸಿ ಹೋಗಿ ಬರುತ್ತಿದ್ದರು.

ಆ ವರ್ಷಗಳಲ್ಲಿ ರಾಯದುರ್ಗದಲ್ಲಿ ಮಿಷನ್ನಿನ ಸದ್ದಿಲ್ಲದ ಓಣಿ ಇರಲಿಲ್ಲ. ನಮ್ಮ ಯೂನಿಟ್ಟೂ ಅಂಥದೇ. ಹಿಂದೆ ಕಡಲೆಕಾಯಿ ಗೋದಾಮಾಗಿದ್ದ ಉದ್ದನೆಯ ಕೋಣೆ. ಹನ್ನೆರಡು ಮಿಷನ್ನು, ಒಂದು ಕಟಿಂಗ್ ಟೇಬಲ್ಲು, ಗೋಡೆಗೆ ಹನ್ನೆರಡು ಮರದ ಗೂಡು. ಒಬ್ಬೊಬ್ಬ ಟೇಲರಿಗೆ ಒಂದೊಂದು ಗೂಡು. ಕತ್ತರಿಸಿದ ಬಟ್ಟೆಯನ್ನು ಕಟ್ಟು ಕಟ್ಟಿ, ಕಟ್ಟಿಗೊಂದು ನಂಬರು ಹಾಕಿ ಗೂಡಿಗೆ ಇಡುವುದು. ಯಾರ ಗೂಡಿಗೆ ಯಾವ ಕಟ್ಟು ಬಂತೋ ಅವರು ಅದನ್ನು ಹೊಲಿಯಬೇಕು. ನಾನು ಇಂಟರ್, ಅಂದರೆ ಪಿಯುಸಿ, ಮುಗಿಸಿ, ಮುಂದೆ ಓದಿಸುವವರಿಲ್ಲದೆ, ಅಲ್ಲಿ ಚೀಟಿ ಬರೆಯುವ ಕೆಲಸಕ್ಕೆ ಸೇರಿದ್ದೆ.

ಕಟ್ಟುಗಳಲ್ಲಿ ಎರಡು ಜಾತಿ. ತೆಳು ಬಟ್ಟೆಯದು ನೀರು ಕುಡಿದ ಹಾಗೆ ಮುಗಿಯುತ್ತದೆ. ದಪ್ಪ ಬಟ್ಟೆಯದು ಸೂಜಿ ಮುರಿಯುತ್ತದೆ, ಬೆರಳು ತಿನ್ನುತ್ತದೆ. ಮೇಷ್ಟ್ರು ಬರುವ ಮೊದಲು ನಂಬರಿನ ಸಾಲಿನಂತೆ ಹಂಚುತ್ತಿದ್ದರು: ಒಂದು ಒಂದನೇ ಗೂಡಿಗೆ, ಹನ್ನೆರಡು ಹನ್ನೆರಡಕ್ಕೆ, ಹದಿಮೂರು ಮತ್ತೆ ಒಂದಕ್ಕೆ. ನಂಬರು ಬರೆಯುವವರು ಕಟಿಂಗ್ ಮಾಸ್ಟರು. ಮೂರನೇ ಗೂಡು ಅವರ ನಾದಿನಿಯದು. ಹೀಗಾಗಿ ಮೂರು, ಹದಿನೈದು, ಇಪ್ಪತ್ತೇಳು ಎಂಬ ನಂಬರುಗಳು ಯಾವಾಗಲೂ ತೆಳು ಬಟ್ಟೆಯ ಮೇಲೇ ಬೀಳುತ್ತಿದ್ದವು. ಇದು ಎಲ್ಲರಿಗೂ ಗೊತ್ತಿತ್ತು, ಜಗಳ ವಾರಕ್ಕೊಮ್ಮೆ ಜಡೆ ಹಿಡಿಯುವ ತನಕ ಹೋಗುತ್ತಿತ್ತು. ಹಂಚುವ ಕ್ರಮ ಬದಲಾಯಿಸಿದರೂ ಅಷ್ಟೇ, ಮಾಸ್ಟರು ಎರಡು ದಿನದಲ್ಲಿ ಅದರ ಜಾಡು ಹಿಡಿದು ನಂಬರು ಬದಲಾಯಿಸುತ್ತಿದ್ದರು.

ಮೇಷ್ಟ್ರು ಬಂದ ಮೊದಲ ವಾರ ಏನೂ ಮಾಡಲಿಲ್ಲ. ಪೆನ್ನಿನ ಮುಚ್ಚಳವನ್ನು ಹಲ್ಲಿಗೆ ಟಕಟಕ ತಾಗಿಸುತ್ತ ನೋಡುತ್ತಿದ್ದರು. ಯೋಚನೆ ಜೋರಾದರೆ ಟಕಟಕವೂ ಜೋರು. ಎಂಟನೆಯ ದಿನ ಜೀನ್ಸಿನ ಹತ್ತು ಬಟನ್ ತೆಗೆದುಕೊಂಡು, ಯಾರದೋ ನೇಲ್ ಪಾಲಿಶ್ ಇಸಿದುಕೊಂಡು, ಒಂದರಿಂದ ಹತ್ತರ ತನಕ ಬರೆದು, ಬಿಸ್ಕತ್ತಿನ ಖಾಲಿ ಡಬ್ಬಿಗೆ ಹಾಕಿದರು. ಮಾಸ್ಟರು ಎಲ್ಲ ಕಟ್ಟಿಗೂ ನಂಬರು ಬರೆದು ಮುಗಿಸಿ ಪೆನ್ನು ಕೆಳಗಿಟ್ಟ ಮೇಲೆ ಡಬ್ಬಿ ಅಲ್ಲಾಡಿಸಿ ಒಂದು ಬಟನ್ ಎತ್ತಬೇಕು, ವಾಪಸ್ಸು ಹಾಕಿ ಇನ್ನೊಂದು ಎತ್ತಬೇಕು. ಕಟ್ಟಿನ ನಂಬರಿನಲ್ಲಿ ಹತ್ತರ ಸ್ಥಾನದ ಅಂಕಿಗೆ ಮೊದಲನೆಯದರಿಂದ ಗುಣಾಕಾರ, ಬಿಡಿ ಅಂಕಿಗೆ ಎರಡನೆಯದರಿಂದ ಗುಣಾಕಾರ, ಎರಡನ್ನೂ ಕೂಡಿಸಿ ಗೂಡುಗಳ ಸಂಖ್ಯೆಯಿಂದ ಭಾಗಿಸಿ ಉಳಿದ ಶೇಷವೇ ಗೂಡು. ಶೇಷ ಸೊನ್ನೆಯಾದರೆ ಕೊನೆಯ ಗೂಡು. ನಾಳೆ ಬೇರೆ ಬಟನ್, ಬೇರೆ ಹಂಚಿಕೆ.

ಇದನ್ನು ಅವರು ಎಲ್ಲರಿಗೂ ಬಾಯಿಬಿಟ್ಟು ಹೇಳಿದರು, ಮಾಸ್ಟರಿಗೆ ಎರಡು ಸಲ ಹೇಳಿದರು. ಗುಟ್ಟನ್ನೆಲ್ಲ ಅವರಿಗೇ ಹೇಳುತ್ತೀರಲ್ಲ ಎಂದು ನಾನು ಹೇಳಿದ್ದಕ್ಕೆ ನಕ್ಕರು.

"ಲೆಕ್ಕ ಗೊತ್ತಿರ್ಲಿ ಬಿಡವ್ವ. ಅವ್ನು ನಂಬ್ರು ಬರ್ಯೋ ಹೊತ್ನಾಗೆ ಬಟನ್ನು ಇನ್ನಾ ಡಬ್ಬಿನಾಗೇ ಐತೆ. ಡಬ್ಬಿನಾಗಿರೋದು ನಂಗೇ ಗೊತ್ತಿಲ್ಲ, ಅವ್ನಿಗೆಲ್ಲಿ ಗೊತ್ತಾಗ್ತೈತೆ."

ಮೊದಲ ದಿನವೇ ಎಡವಟ್ಟಾಯಿತು. ಬಂದ ಬಟನ್ನುಗಳು ನಾಲ್ಕು ಮತ್ತು ಎಂಟು. ನಾವಿಬ್ಬರೂ ಸ್ಲೇಟಿನಲ್ಲಿ ಲೆಕ್ಕ ಮಾಡಿ ಕಟ್ಟು ಇಡುತ್ತ ಹೋದೆವು. ಸ್ವಲ್ಪ ಹೊತ್ತಿಗೆ ನಾಲ್ಕನೇ ಗೂಡು, ಎಂಟನೇ ಗೂಡು, ಹನ್ನೆರಡನೇ ಗೂಡು ತುಂಬಿ ನೆಲಕ್ಕೆ ಸುರಿಯತೊಡಗಿದವು. ಉಳಿದ ಒಂಬತ್ತು ಗೂಡಿನಲ್ಲಿ ಒಂದು ದಾರದ ಎಳೆಯೂ ಇಲ್ಲ. ಒಂಬತ್ತು ಜನ ಕೈಕಟ್ಟಿ ಕೂತರು, ಮೂವರು ಬಟ್ಟೆಯ ಹಿಂದೆ ಕಾಣದಾದರು. ಕಟಿಂಗ್ ಮಾಸ್ಟರು ಅವತ್ತು ನಕ್ಕಷ್ಟು ಅವರ ಮದುವೆಯಲ್ಲೂ ನಕ್ಕಿರಲಿಕ್ಕಿಲ್ಲ. ಮೇಷ್ಟ್ರು ಊಟ ಬಿಟ್ಟು ಸ್ಲೇಟು ಹಿಡಿದು ಕೂತರು. ಟಕಟಕ ಕೋಣೆಗೆಲ್ಲ ಕೇಳುತ್ತಿತ್ತು. ಸಂಜೆ ಒಂದು ಹಲಗೆ ತಂದು ಹನ್ನೆರಡನೇ ಗೂಡನ್ನು ಮೊಳೆ ಹೊಡೆದು ಮುಚ್ಚಿದರು. ಆ ಮಿಷನ್ನಿನ ಹುಡುಗಿಗೆ ಬೆಲ್ಟಿನ ಲೂಪು ಹೊಲಿಯುವ ಕೆಲಸವೊಂದನ್ನೇ ಕೊಟ್ಟರು. ಹನ್ನೆರಡು ಎಲ್ಲರ ಜೊತೆಗೂ ಹೊಂದಿಕೊಂಡು ಹೋಗುತ್ತದೆ, ಎರಡರ ಜೊತೆ, ಮೂರರ ಜೊತೆ, ನಾಲ್ಕರ ಜೊತೆ, ಅದೇ ಅದರ ರೋಗ ಎಂದು ವಿವರಿಸಿದರು. ಹನ್ನೊಂದು ಯಾವುದರಿಂದಲೂ ಭಾಗವಾಗದು, ಯಾರ ಮಾತೂ ಕೇಳುವುದಿಲ್ಲ. ಮಾರನೆಯ ದಿನದಿಂದ ಕಟ್ಟುಗಳು ಹನ್ನೊಂದು ಗೂಡಿಗೂ ಹಂಚಿಕೊಂಡು ಬಿದ್ದವು. ಹೆಚ್ಚುಕಡಿಮೆಯಾದರೆ, ಬೇಗ ಖಾಲಿಯಾದವರು ಪಕ್ಕದ ಗೂಡಿನಿಂದ ಎತ್ತಿಕೊಳ್ಳಬಹುದು ಎಂದೂ ಮಾಡಿದರು.

ಮಾಸ್ಟರು ತಿಂಗಳುಗಟ್ಟಲೆ ಪ್ರಯತ್ನಪಟ್ಟರು. ನೇಲ್ ಪಾಲಿಶಿನ ಅಂಕಿ ಬೆರಳಿಗೆ ತಗಲುತ್ತದೆ, ಮೇಷ್ಟ್ರಿಗೆ ಬೇಕಾದ್ದೇ ಎತ್ತುತ್ತಾರೆ ಎಂದು ಪುಕಾರು ಎಬ್ಬಿಸಿದರು. ಮೇಷ್ಟ್ರು ಕಣ್ಣು ಮುಚ್ಚಿ ಸವರಿ ನೋಡಿ, ಹೌದು, ಎಂಟು ತಗಲುತ್ತದೆ ಎಂದು ಒಪ್ಪಿಕೊಂಡರು. ಅವತ್ತಿನಿಂದ ಒಂದು ದಪ್ಪ ಜೀನ್ಸ್ ಜೇಬನ್ನು ಕೈಗವಸಿನ ಹಾಗೆ ಹಾಕಿಕೊಂಡು ಬಟನ್ ಎತ್ತಿದರು. ಅದನ್ನು ಹೊಲಿದುಕೊಟ್ಟವರು ಒಂಬತ್ತನೇ ಗೂಡಿನ ಶಾಂತಮ್ಮ, ಎಲ್ಲರಿಗಿಂತ ಹಿರಿಯರು, ಬೈದರೂ ಮೆಲ್ಲಗೆ ಬೈಯುವವರು. ಕೊನೆಗೆ ಮಾಸ್ಟರು ಸೋತು, ಈ ಮನುಷ್ಯ ನನ್ನ ಕತ್ತರಿ ಮೊಂಡು ಮಾಡಿದ ಎಂದು ಮೇಷ್ಟ್ರಿಗೇ ಚಹಾ ತರಿಸಿದರು.

ಹೊಲಿದ ಪ್ಯಾಂಟುಗಳು ಬಳ್ಳಾರಿಗೆ ವಾಷಿಂಗಿಗೆ ಹೋಗುತ್ತಿದ್ದವು. ಅದಿರಿನ ಲಾರಿಗಳ ಹಿಂದೆ ಕೆಂಪು ಧೂಳು ಕುಡಿಯುತ್ತ ಹೋಗುವ ಟೆಂಪೋದಲ್ಲಿ, ಇಷ್ಟು ಪೀಸು ಎಂದು ಬರೆದ ಚೀಟಿಯ ಜೊತೆ. ದಾರಿಯಲ್ಲಿ ಎರಡು ಮೂರು ಪೀಸು ಮಾಯವಾಗಿ ಚೀಟಿಯೂ ತಕ್ಕಂತೆ ಬದಲಾಗುತ್ತಿತ್ತು. ಮೇಷ್ಟ್ರು ಅದಕ್ಕೂ ಒಂದು ಉಪಾಯ ಕಟ್ಟಿದರು. ಬಳ್ಳಾರಿಯಲ್ಲಿ ಮಾಲು ಇಳಿಸಿಕೊಳ್ಳುವವನ ಹತ್ತಿರ ಒಂದು ಪಟ್ಟಿ, ಇವರ ಹತ್ತಿರ ಅದರದೇ ನಕಲು. ದಿನಕ್ಕೊಂದು ಜೋಡಿ ಸಂಖ್ಯೆ. ಪೀಸುಗಳ ಸಂಖ್ಯೆಯನ್ನು ಜೋಡಿಯ ಮೊದಲನೆಯದರಿಂದ ಗುಣಿಸಿ, ಎರಡನೆಯದನ್ನು ಕೂಡಿಸಿ, ನೂರಾ ಒಂದರಿಂದ ಭಾಗಿಸಿ, ಶೇಷವನ್ನು ಚೀಟಿಯ ಮೂಲೆಯಲ್ಲಿ ಬರೆಯುವುದು. ಡ್ರೈವರು ಒಮ್ಮೆ ಎಂಬತ್ನಾಲ್ಕನ್ನು ಎಂಬತ್ತೊಂದು ಮಾಡಿ ಹೊಸ ಚೀಟಿ ಬರೆದ, ಮೂಲೆಯ ಅಂಕಿಯನ್ನು ಪಾಪ ಹಾಗೆಯೇ ನಕಲು ಮಾಡಿದ. ಬಳ್ಳಾರಿಯವರು ಗುಣಿಸಿ ನೋಡಿದರು, ತಾಳೆಯಾಗಲಿಲ್ಲ. ಒಂದು ಜೋಡಿಯನ್ನು ಒಂದೇ ದಿನ ಬಳಸಿ ಹರಿದು ಬಿಸಾಡಬೇಕು ಎಂಬುದು ಮೇಷ್ಟ್ರ ಕಟ್ಟಪ್ಪಣೆ. ಎರಡು ದಿನ ಅದನ್ನೇ ಬಳಸಿದರೆ ಎರಡು ಚೀಟಿ ಪಕ್ಕಪಕ್ಕ ಇಟ್ಟುಕೊಂಡು ಎಂಟನೇ ಕ್ಲಾಸಿನ ಹುಡುಗನೂ ಜೋಡಿಯನ್ನು ಬಿಡಿಸಿಬಿಡುತ್ತಾನೆ ಎನ್ನುತ್ತಿದ್ದರು.

ಇದೆಲ್ಲ ಯಾವ ಪುಸ್ತಕದಲ್ಲಿದೆ ಎಂದು ಕೇಳಿದರೆ, ತಮ್ಮ ಊರಲ್ಲಿ ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಳ್ಳುವಾಗ ಪಾಲು ಹಾಕಿದವನು ಮೊದಲು ಆರಿಸಬಾರದು, ಅಷ್ಟೇ ಇದು ಎನ್ನುತ್ತಿದ್ದರು. ಎಷ್ಟೋ ವರ್ಷದ ಮೇಲೆ, ದೂರಶಿಕ್ಷಣದಲ್ಲಿ ಓದುತ್ತಿದ್ದಾಗ, ಯೂನಿವರ್ಸಲ್ ಹ್ಯಾಶ್ ಫಂಕ್ಷನ್ ಎಂಬ ಪಾಠ ಬಂತು. ಯಾವುದೇ ಒಂದು ನಿಯಮವನ್ನು ಖಾಯಂ ಮಾಡಿಕೊಂಡರೆ ಅದನ್ನು ಕೆಡಿಸುವ ಸಂಖ್ಯೆಗಳನ್ನು ಶತ್ರು ಹುಡುಕಿಯೇ ಹುಡುಕುತ್ತಾನೆ. ಆದ್ದರಿಂದ ನಿಯಮಗಳ ಒಂದು ದೊಡ್ಡ ಕುಟುಂಬವನ್ನೇ ಇಟ್ಟುಕೊಂಡು, ಅವನು ತನ್ನ ಸಂಖ್ಯೆ ಬರೆದಾದ ಮೇಲೆ ಅದರಿಂದ ಒಂದನ್ನು ಕಣ್ಣುಮುಚ್ಚಿ ಎತ್ತಿ. ಕಂಪ್ಯೂಟರು ಮಾಹಿತಿಯನ್ನು ಗೂಡುಗಳಲ್ಲಿ ಹಂಚಿಡುವುದೂ ಹೀಗೆಯೇ, ಕಳಿಸಿದ ಸಂದೇಶವನ್ನು ದಾರಿಯಲ್ಲಿ ಯಾರೂ ತಿದ್ದಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದೂ ಹೀಗೆಯೇ. ಪುಸ್ತಕ ಓದುತ್ತ ನಾನು ಒಬ್ಬಳೇ ನಕ್ಕೆ. ಈಗ ಡಿಗ್ರಿ ಕಾಲೇಜಿನಲ್ಲಿ ಅದೇ ಪಾಠ ಹೇಳುತ್ತೇನೆ, ಬಿಸ್ಕತ್ತಿನ ಡಬ್ಬಿ ಮುಂದಿಟ್ಟುಕೊಂಡೇ ಹೇಳುತ್ತೇನೆ. ಆದರೆ ಒಂದು ಶುಕ್ರವಾರದ ಸಂಗತಿಯನ್ನು ಮಕ್ಕಳಿಗೆ ಇದುವರೆಗೆ ಹೇಳಿಲ್ಲ.

ಬಳ್ಳಾರಿಯಿಂದ ಬರುವ ಆರ್ಡರು ಕಡಿಮೆಯಾದ ಕಾಲ ಅದು. ಯೂನಿಟ್ಟಿನ ಒಡೆಯರಾದ ಸಾವ್ಕಾರರು ಕೆಟ್ಟವರಲ್ಲ, ಆದರೆ ಖರ್ಚು ಇಳಿಸಲೇಬೇಕಿತ್ತು. ಆ ಸೋಮವಾರ ಎಲ್ಲರನ್ನೂ ನಿಲ್ಲಿಸಿಕೊಂಡು, ವಾರದಲ್ಲಿ ಯಾರ ಪೀಸು ಎಲ್ಲರಿಗಿಂತ ಕಡಿಮೆಯೋ ಅವರ ಮಿಷನ್ನು ಶನಿವಾರ ನಿಲ್ಲುತ್ತದೆ ಎಂದರು. ಹನ್ನೊಂದು ಜನರೂ ಆರನೇ ಗೂಡಿನ ಹನುಮಕ್ಕನ ಕಡೆ ನೋಡಿದರು. ಬೆಳುಗುಪ್ಪದ ಕಡೆಯವಳು, ನನಗಿಂತ ನಾಲ್ಕು ವರ್ಷ ದೊಡ್ಡವಳು. ಗಂಡ ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಹೋಗಿದ್ದ. ಹಿಂದಿನ ವಾರ ಸೂಜಿ ಅವಳ ಹೆಬ್ಬೆರಳನ್ನು ತೂರಿಕೊಂಡು ಹೋಗಿತ್ತು. ಮಿಷನ್ನು ಹೋದರೆ ಅವಳೂ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗಬೇಕು, ಮೂರು ವರ್ಷದ ಮಗಳನ್ನು ಅತ್ತೆಯ ಹತ್ತಿರ ಬಿಡಬೇಕು. ಮಗಳು ದಿನಾ ಅವಳ ಮಿಷನ್ನಿನ ಕೆಳಗೆ, ಕತ್ತರಿಸಿ ಬಿದ್ದ ಚೂರುಗಳ ಮೇಲೆ ನಿದ್ದೆ ಮಾಡುತ್ತಿದ್ದಳು.

ಬುಧವಾರ ಹನುಮಕ್ಕನ ಗೂಡಿಗೆ ದಪ್ಪ ಬಟ್ಟೆ ಹೆಚ್ಚು ಬಂತು. ಗುರುವಾರವೂ ಬಂತು. ಅವಳು ಬಟ್ಟೆ ಸುತ್ತಿದ ಹೆಬ್ಬೆರಳಿನಲ್ಲೇ ಹೊಲಿದಳು. ಶುಕ್ರವಾರ ಬೆಳಿಗ್ಗೆ ಮೇಷ್ಟ್ರು ಬಟನ್ ಎತ್ತಿದರು. ಮೊದಮೊದಲು ಎಲ್ಲರೂ ಸುತ್ತ ನಿಂತು ನೋಡುತ್ತಿದ್ದರು. ಈಗ ಯಾರೂ ನೋಡುತ್ತಿರಲಿಲ್ಲ; ನಂಬಿಕೆ ಬಂದ ಮೇಲೆ ಜನ ನೋಡುವುದನ್ನು ಬಿಡುತ್ತಾರೆ. ಮೂರು ಬಂತು, ಏಳು ಬಂತು. ದಪ್ಪ ಬಟ್ಟೆಯ ಕಟ್ಟುಗಳ ಲೆಕ್ಕವನ್ನು ನಾನು ಮೊದಲು ಮಾಡಿದೆ. ನಲವತ್ತೇಳು: ನಾಲ್ಕು ಮೂರಲಿ ಹನ್ನೆರಡು, ಏಳು ಏಳಲಿ ನಲವತ್ತೊಂಬತ್ತು, ಕೂಡಿದರೆ ಅರವತ್ತೊಂದು, ಹನ್ನೊಂದರಿಂದ ಭಾಗಿಸಿದರೆ ಶೇಷ ಆರು. ಮುಂದಿನದೂ ಆರು. ಅದರ ಮುಂದಿನದು ಎರಡು, ಆಮೇಲೆ ಮತ್ತೆ ಆರು. ನನ್ನ ಕೈ ನಿಂತಿತು.

"ಸರ್, ಇನ್ನೊಂದ್ ಸಲ ಎತ್ರಿ," ಎಂದೆ. "ಯಾರೂ ನೋಡಿಲ್ರಿ."

ಅವರು ಸ್ಲೇಟು ನೋಡಿದರು. ಹನುಮಕ್ಕನ ಕಡೆ ನೋಡಿದರು. ಆ ಮಗು ಎದ್ದು ಕೂತು ಒಂದು ದಾರದ ಉಂಡೆಯನ್ನು ಬಿಚ್ಚುತ್ತಿತ್ತು. ಪೆನ್ನಿನ ಮುಚ್ಚಳ ಹಲ್ಲಿಗೆ ಹೋಗಲಿಲ್ಲ, ಕೈಯಲ್ಲೇ ಇತ್ತು. ಮೇಷ್ಟ್ರು ಹೊರಗಿದ್ದ ಬಟನ್ನನ್ನು ಡಬ್ಬಿಗೆ ಹಾಕಿ, ಅಲ್ಲಾಡಿಸಿ, ಮತ್ತೆ ಮೊದಲಿನಿಂದ ಎತ್ತಿದರು. ಈ ಸಲ ಹನುಮಕ್ಕನಿಗೆ ತೆಳು ಬಟ್ಟೆ ಹೆಚ್ಚು ಬಂತು. ದಪ್ಪ ಬಟ್ಟೆ ಹೆಚ್ಚಾಗಿ ಒಂಬತ್ತನೇ ಗೂಡಿಗೆ ಹೋಯಿತು. ನನಗೆ ಆಗ ಶಾಂತಮ್ಮನ ನೆನಪೇ ಬರಲಿಲ್ಲ. ಹನುಮಕ್ಕ ಉಳಿದಳು ಎಂಬ ಸಂತೋಷದಲ್ಲಿ ಚೀಟಿ ಬರೆದೆ.

ಶನಿವಾರ ಸಂಜೆ ಪೀಸು ಎಣಿಸಿದರು. ಹನುಮಕ್ಕ ಕೆಳಗಿನಿಂದ ಎರಡನೆಯವಳು. ಎಲ್ಲರಿಗಿಂತ ಕಡಿಮೆ ಶಾಂತಮ್ಮ, ಅದೂ ಎಂಟು ಪೀಸಿನಷ್ಟು. ಶಾಂತಮ್ಮ ವಾದ ಮಾಡಲಿಲ್ಲ. ಡಬ್ಬಿ ಕೊಟ್ಟ ಪಾಲಲ್ಲವೇ ಎಂದು ಹೇಳಿ, ತನ್ನ ಕತ್ತರಿ, ತನ್ನ ಟೇಪು ಚೀಲಕ್ಕೆ ಹಾಕಿಕೊಳ್ಳತೊಡಗಿದರು. ಯಾರಾದರೂ ಮನುಷ್ಯರು ಹಂಚಿದ್ದರೆ ಜಗಳವಾಗುತ್ತಿತ್ತು. ಡಬ್ಬಿಯ ಮೇಲೆ ಯಾರಿಗೂ ಸಿಟ್ಟಿರಲಿಲ್ಲ.

ಮೇಷ್ಟ್ರು ಎದ್ದು ಸಾವ್ಕಾರರ ಟೇಬಲ್ಲಿನ ಮುಂದೆ ಹೋಗಿ ನಿಂತು, ನಿನ್ನೆ ಬಂದ ಜೋಡಿಯನ್ನು ಬಿಟ್ಟು ಎರಡನೇ ಸಲ ಎತ್ತಿದೆ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಮಿಷನ್ನುಗಳು ನಿಂತವು. ಸಾವ್ಕಾರರಿಗೆ ಇದರಲ್ಲಿ ತಪ್ಪೇನೆಂದು ಅರ್ಥವಾಗಲಿಲ್ಲ.

"ಅದಕ್ಕೇನಾತ್ರಿ ಮೇಷ್ಟ್ರ? ಎರಡ್ನೇ ಸಲ ಬಂದಿದ್ದೂ ಡಬ್ಬಿಯಾಗಿಂದಾನ ಅಲ್ಲೇನ್ರಿ?"

"ಮೊದಲ್ನೇದು ಡಬ್ಬಿ ಎತ್ತಿದ್ದು ಸಾಮಿ. ಎರಡ್ನೇದು ನಾನು ಎತ್ತಿದ್ದು."

ಹಾಗಾದರೆ ಹನುಮಕ್ಕನ ಮಿಷನ್ನು ನಿಲ್ಲಿಸಲೇನು ಎಂದು ಸಾವ್ಕಾರರು ಕೇಳಿದರು. ಮೇಷ್ಟ್ರು ಅದೂ ಆಗುವುದಿಲ್ಲ ಎಂದರು. ಮೊದಲು ಎತ್ತಿದ್ದರಂತೆ ನಡೆದಿದ್ದರೆ ಯಾರು ಎಷ್ಟು ಹೊಲಿಯುತ್ತಿದ್ದರೋ ಈಗ ಯಾರೂ ಹೇಳಲಾರರು, ಈ ವಾರದ ಎಣಿಕೆಯೇ ಕೆಟ್ಟಿತು, ಅದನ್ನು ನಂಬಿ ಯಾರನ್ನೂ ಕಳಿಸುವ ಹಾಗಿಲ್ಲ ಎಂದರು. ಸಾವ್ಕಾರರು ಕನ್ನಡಕ ತೆಗೆದು, ಯಾರಾದರೂ ಒಬ್ಬರ ಖರ್ಚು ಉಳಿಸಲೇಬೇಕಲ್ಲ ಎಂದು ಗೊಣಗಿದರು.

"ನನ್ನ ಕುರ್ಚಿ ನಿಲ್ಸಿ," ಎಂದರು ಮೇಷ್ಟ್ರು. "ಕೆಡಿಸಿದೋನು ನಾನು. ಚೀಟಿ ಬರ್ಯಾಕೆ, ಬಟನ್ ಎತ್ತಾಕೆ ಈ ಹುಡ್ಗಿ ಅವ್ಳೆ. ಲೆಕ್ಕ ಪೂರಾ ಬರ್ತೈತೆ ಅವ್ಳಿಗೆ."

ಯಾಕೆ ಎರಡು ಸಲ ಎತ್ತಿದಿರಿ ಎಂದು ಸಾವ್ಕಾರರು ಕೇಳಿದರು. ಕೈ ಕೇಳಲಿಲ್ಲ ಎಂದಷ್ಟೇ ಮೇಷ್ಟ್ರು ಹೇಳಿದರು. ನಾನು ನಾಲ್ಕು ಅಡಿ ದೂರದಲ್ಲಿ ಚೀಟಿಯ ಕಟ್ಟು ಹಿಡಿದು ನಿಂತಿದ್ದೆ. ಎತ್ತಿ ಎಂದವಳು ನಾನು ಎಂದು ಹೇಳಲು ಬಾಯಿ ಬಿಟ್ಟರೆ ಸಾಕಿತ್ತು. ಬಿಡಲಿಲ್ಲ. ನನ್ನ ಕೆಲಸವೂ ಹೋಗುತ್ತದೆಂಬ ಹೆದರಿಕೆ, ಶಾಂತಮ್ಮನ ಮುಖ ನೋಡಬೇಕಲ್ಲ ಎಂಬ ಹೆದರಿಕೆ. ಮೇಷ್ಟ್ರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ ನಾನು ಸಿಕ್ಕಿಬೀಳುತ್ತಿದ್ದೆ ಎಂದು ಅವರಿಗೆ ಗೊತ್ತಿತ್ತು ಅಂತ ಈಗ ಅನಿಸುತ್ತದೆ.

ಸೋಮವಾರ ಅವರು ಊರಿಗೆ ಹೋದರು. ಬಸ್ ಸ್ಟ್ಯಾಂಡಿಗೆ ಶಾಂತಮ್ಮನೂ ಹನುಮಕ್ಕನೂ ಹೋಗಿದ್ದರು, ಕಟಿಂಗ್ ಮಾಸ್ಟರು ಅವರ ಟ್ರಂಕು ಹೊತ್ತಿದ್ದರು. ನಾನು ಜ್ವರವೆಂದು ಮಲಗಿದ್ದೆ. ಎರಡೂ ಮಿಷನ್ನು ಉಳಿದವು. ಶಾಂತಮ್ಮ ಕಣ್ಣು ಮಂಜಾಗುವ ತನಕ ಹೊಲಿದರು, ಹನುಮಕ್ಕನ ಮಗಳು ಅದೇ ಕೋಣೆಯಲ್ಲಿ ಅಆಇಈ ಕಲಿತಳು. ನಾನು ಐದು ವರ್ಷ ಮೇಷ್ಟ್ರ ಕುರ್ಚಿಯಲ್ಲಿ ಕೂತೆ. ಬಟನ್ನನ್ನು ಮಾತ್ರ ಒಂದು ದಿನವೂ ನಾನು ಎತ್ತಲಿಲ್ಲ. ದಿನಕ್ಕೊಬ್ಬ ಟೇಲರ್ ಕೈಯಲ್ಲಿ, ಎಲ್ಲರ ಮುಂದೆ ಎತ್ತಿಸಿದೆ.

ಫೋನು ಬಂದ ಮುಂದಿನ ಭಾನುವಾರ ಮಡಕಶಿರಕ್ಕೆ ಹೋದೆ. ಮೇಷ್ಟ್ರ ಹೆಂಡತಿಯನ್ನು ನೋಡಿದ್ದು ಅದೇ ಮೊದಲು. ಜಗಲಿಯ ಮೇಲೆ ಕೂತು ಹುಳುಗಳಿಗೆ ಸೊಪ್ಪು ಕತ್ತರಿಸುತ್ತಿದ್ದರು; ಮನೆಯಲ್ಲಿ ಯಾರು ಸತ್ತರೂ ಹುಳುಗಳಿಗೆ ಹಸಿವಾಗುತ್ತದೆ. ಯಾರು ಏನು ಎಂದು ಹೇಳಿಕೊಂಡೆ, ನೀರು ಕೊಟ್ಟರು, ಕುಡಿದೆ. ಆಮೇಲೆ, ಅವರ ಕೆಲಸ ಹೋದದ್ದು ನನ್ನಿಂದ, ಇನ್ನೊಂದು ಸಲ ಎತ್ತಿ ಎಂದವಳು ನಾನು ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ.

ಅವರು ಸೊಪ್ಪು ಕತ್ತರಿಸುವುದನ್ನು ನಿಲ್ಲಿಸಲಿಲ್ಲ.

"ಯಾರೋ ಹೇಳವ್ರೆ ಅಂತ ನಂಗೆ ಅವತ್ತೇ ಗೊತ್ತಾಯ್ತು ಕಣವ್ವ. ನಾನು ಇಕ್ಕುಸ್ಕೊಳ್ರಿ ಅನ್ನೋಗಂಟ ಇನ್ನೊಂದು ಮುದ್ದೆ ಕೇಳ್ದೋರಲ್ಲ ಆವಯ್ಯ. ತಾನಾಗೇ ಎರಡ್ನೇ ಸಲ ಎತ್ತೋ ಧೈರ್ಯ ಎಲ್ಲಿಂದ ಬರ್ತೈತೆ?" ಎಂದರು. ಇನ್ನೊಂದು ಹಿಡಿ ಸೊಪ್ಪು ಎಳೆದುಕೊಂಡು, "ಯಾರು ಅಂತ ಎಷ್ಟೋ ಸಲ ಕೇಳ್ದೆ. ಹೇಳ್ಲಿಲ್ಲ. ನಂಗೂ ಹೇಳ್ಲಿಲ್ಲ ನೋಡು," ಎಂದರು.

ಹೆಂಡತಿಗೂ ಹೇಳಿರಲಿಲ್ಲ. ಇಷ್ಟು ವರ್ಷ, ಆ ಮನೆಯೊಳಗೂ ನನ್ನ ಹೆಸರನ್ನು ಕಾಪಾಡಿದ್ದರು. ಅದನ್ನು ಕೇಳಿ ನಾನು ಆ ಜಗಲಿಯ ಮೇಲೆ, ಗುರುತಿಲ್ಲದ ಹೆಂಗಸಿನ ಮುಂದೆ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಹೇಳಬೇಕಾದ ದಿನ ಸುಮ್ಮನಿದ್ದೆ, ಕೇಳಬೇಕಾದವರು ಹೋದ ಮೇಲೆ ಹೇಳಿದೆ.